ತವರ್ಗ

ಸಹಾರದ ವಿಮಾನದಡುಗೆಮನೆಯಲ್ಲಿ
ದೂರವನ್ನು ನಾವು ಮೈಲಿಯಲ್ಲಿ ಅಳೆಯುವುದಿಲ್ಲ.
ಒಂದು ಬನ್ನು, ಒಂದು ಲೋಟ ನೀರು: ಅದು ಗೋವಾ.
ಅನ್ನ, ಪನೀರು, ಮುಚ್ಚಳವಿರುವ ಮೊಸರು: ದುಬೈ.
ಎರಡು ಊಟ, ನಡುವೆ ಒಂದು ನಿದ್ದೆ, ಲಂಡನ್ನು.
ನೈರೋಬಿಗೆ ಒಂದೂವರೆ ಊಟ.
ನಾಲ್ಕೂವರೆ ಸಾವಿರ ಕಿಲೋಮೀಟರು, ಆರು ಗಂಟೆ
ಎಂದು ಹಲಗೆಯ ಮೇಲೆ ಬರೆದಿರುತ್ತದೆ.
ಬರೆದವರಿಗೆ ಬೇಕು ಅದು.
ನಾನು ನೋಡುವುದು ಮೊಸರು ಎಷ್ಟು ಡಬ್ಬಿ ಎಂದು.

ಬೆಳಗಿನ ಐದೂ ಹತ್ತರ ಲೋಕಲ್ಲಿಗೆ ದಿವಾದಲ್ಲಿ ನಾನು ಹತ್ತುವಾಗ
ಅದೂ ಏಳುತ್ತದೆ ರನ್‌ವೇಯಿಂದ.
ಹೋಗಲು ಆರು, ಅಲ್ಲಿ ನಿಲ್ಲಲು ಎರಡು, ಬರಲು ಆರು.
ನನಗೆ ಹೋಗಲು ಒಂದೂವರೆ, ಇಲ್ಲಿ ನಿಲ್ಲಲು ಹನ್ನೊಂದು, ಬರಲು ಒಂದೂವರೆ.
ಒಮ್ಮೆ ಗ್ಲೌಸು ತೆಗೆಯದೆ, ಬೆರಳು ಮಡಚಿ ಕೂಡಿದೆ:
ಇಬ್ಬರದೂ ಹದಿನಾಲ್ಕು.
ಆದರೆ ಅದು ಹೋಗುತ್ತ ಎರಡೂವರೆ ಗಂಟೆ ಇಸಕೊಂಡು
ಬರುತ್ತ ತೀರಿಸುತ್ತದೆ. ಬಡ್ಡಿಯಿಲ್ಲದ ಕೈಗಡ.
ನನಗೆ ದಿವಾದಲ್ಲಿ ಅಂಥ ಸಾಲ ಕೊಡುವವರಿಲ್ಲ.

ಮಂಗಳವಾರ, ರಾತ್ರಿಯವರು ಬಿಟ್ಟುಹೋದ ಎಂಜಲು ಗಾಡಿಯಲ್ಲಿ,
ಹದಿನೆಂಟನೆಯ ತಟ್ಟೆಯ ಮೂಲೆಗೆ,
ಪೇಪರ್ ನ್ಯಾಪ್ಕಿನ್ನಿನ ಮಡಿಕೆಯೊಳಗೆ
ಹಲ್ಲಿನ ಸೆಟ್ಟು. ಮೇಲಿನ ಸಾಲು. ಗುಲಾಬಿ ವಸಡು.
ಸುಗಂಧಾತಾಯಿ ಸೆರಗು ಬಾಯಿಗಿಟ್ಟು ಹಿಂದೆ ಸರಿದಳು.
ನಾನು ನಳ ಬಿಟ್ಟೆ.
ಒಂಬತ್ತು ಸಾವಿರ ಕಿಲೋಮೀಟರು ಹೋಗಿ ಬಂದ ಹಲ್ಲು,
ಒಂದು ತುತ್ತೂ ಕಚ್ಚದೆ,
ಪಾಸ್‌ಪೋರ್ಟಿಗೆ ಠಸ್ಸೆ ಇಲ್ಲದೆ.
ಅದರ ಬಾಯಿ ಮಾತ್ರ ನೈರೋಬಿಯಲ್ಲಿ ಇಳಿದುಹೋಗಿತ್ತು.

ಮೆನೆಜಸ್ ಸಾಹೇಬರು ಮೂರು ಕಡೆ ಕೇಳಿ ಪತ್ತೆ ಹಚ್ಚಿದರು.
ಇಪ್ಪತ್ತಮೂರು ಸಿ. ಹೀರಜಿ ಕಾನಜಿ. ಎಪ್ಪತ್ತೊಂಬತ್ತು.
ಸಿಕ್ಕಿದ್ದು ನಿನಗೆ, ನೀನೇ ಮಾತಾಡು ಎಂದು
ಫೋನು ನನ್ನತ್ತ ನೂಕಿದರು.
ಹಲ್ಲು ಸಿಕ್ಕಿದೆ ಕಾಕಾ, ಎಂದೆ ನನ್ನ ಹಿಂದಿಯಲ್ಲಿ.
ಅಲ್ಲಿಂದ ಬರೀ ಗಾಳಿ ಬಂತು, ಗಾಳಿಯೊಳಗೆ ನಗು.
ನಾಳೆಯ ವಿಮಾನಕ್ಕೆ ಹಾಕುತ್ತೇವೆ ಎಂದೆ.
"ಬಹು ಊರ್ ಹೈ, ಬೇಟಿ," ಅಂದರು. "ಬಹು ಊರ್."

ಊರಾ?
ನೀವು ಕನ್ನಡದವರಾ ಎಂದು ಕೇಳುವುದರಲ್ಲಿದ್ದೆ.

ಆಮೇಲೆ ಹೊಳೆಯಿತು.
ವಡಾಳಾದ ಮುನ್ಸಿಪಾಲಿಟಿ ಕನ್ನಡ ಶಾಲೆ, ಎರಡನೆಯ ಮಾಳಿಗೆ,
ಬಂಗೇರ ಟೀಚರು ಡಸ್ಟರಿನಿಂದ ಮೇಜು ಕುಟ್ಟುತ್ತ
ನಾಲಗೆ ಹಲ್ಲಿಗೆ ತಾಗಲಿ, ತಾಗಲಿ ಎನ್ನುತ್ತಿದ್ದರು:
ತ ಥ ದ ಧ ನ.
ಹಾಲುಹಲ್ಲು ಬಿದ್ದ ನಾವು ಹದಿನಾರು ಮಂದಿ
ಗಾಳಿಯನ್ನೇ ಓದಿ ಪಾಸಾದೆವು.

ಹಲ್ಲಿಲ್ಲದ ಬಾಯಲ್ಲಿ ದೂರ ನಿಲ್ಲುವುದಿಲ್ಲ.
ಮುಂದಿನ ದ ಉದುರಿದರೆ
ಉಳಿಯುವುದು ಊರ.

ಯಾರ ಊರೋ. ಅವರದು ಕಛ್ಛೋ, ನೈರೋಬಿಯೋ, ನಾನು ಕೇಳಲಿಲ್ಲ.
ನನಗೆ ಊರೆಂದರೆ ಅವ್ವ ಹೇಳುತ್ತಿದ್ದ ಒಂದು ಸ್ಟೇಷನ್ನು,
ಹೋಟಗಿ, ಗಾಡಿ ಬದಲಿಸುವ ಜಾಗ.
ಬದಲಿಸಿ ಎಲ್ಲಿಗೆ ಎಂಬುದನ್ನು
ಅವಳೂ ಅಷ್ಟಾಗಿ ಹೇಳುತ್ತಿರಲಿಲ್ಲ.

ಬುಧವಾರ ಹಲ್ಲು ಹೊರಟಿತು,
ತೊಳೆದ ಮೊಸರು ಡಬ್ಬಿಯಲ್ಲಿ, ಹತ್ತಿ ಹಾಸಿ.
ಮುಚ್ಚಳದ ಮೇಲೆ ಹೆಸರು ಬರೆದದ್ದು ನಾನೇ.
ಮೂರನೆಯ ಸಲ ಅದೇ ದಾರಿ: ಒಟ್ಟು ಹದಿಮೂರೂವರೆ ಸಾವಿರ.

ಸಂಜೆ ಠಾಣೆ ಬಿಟ್ಟು ಕಳವಾದ ಹತ್ತಿರ ಲೋಕಲ್ಲು ನಿಂತಿತು.
ಸಿಗ್ನಲ್ಲಿಲ್ಲ, ಫ್ಯಾನಿಲ್ಲ.
ತುಟಿಯನ್ನು ಹಲ್ಲಿನ ಮೇಲೆ ಒಳಗೆ ಮಡಚಿ
ದಿವಾ ಎಂದು ನೋಡಿದೆ.
ಇವಾ ಎಂದು ಬಂತು.
ಎದುರು ಕೂತ ಹುಡುಗಿ ತನ್ನ ಬ್ಯಾಗನ್ನು
ತುಸು ಹತ್ತಿರಕ್ಕೆ ಎಳೆದುಕೊಂಡಳು.